ಗೊಂಬೆಗಿಂತ ಡಬ್ಬ ದೊಡ್ಡದು

ಹಳೆಯ ಆಟಿಕೆಗಳನ್ನು ಸಂಗ್ರಹಿಸುವವರ ನಡುವೆ ಒಂದು ವಿಚಿತ್ರ ಲೆಕ್ಕವಿದೆ. ನಲವತ್ತು ವರ್ಷದ ಹಿಂದಿನ ಗೊಂಬೆ ಒಂದೇ ಬಂದರೆ ಒಂದು ಬೆಲೆ, ಅದೇ ಗೊಂಬೆ ತನ್ನ ಡಬ್ಬದೊಡನೆ ಬಂದರೆ ಅದರ ಹಲವು ಪಟ್ಟು. ಒಳಗೆ ಏನೂ ಇಲ್ಲದ ಖಾಲಿ ಡಬ್ಬಕ್ಕೂ ಗಿರಾಕಿಗಳಿದ್ದಾರೆ. ಅಕೌಂಟೆನ್ಸಿ ತರಗತಿಯಲ್ಲಿ ಕುಳಿತು ಇದನ್ನು ಯೋಚಿಸಿದರೆ ತಲೆ ಕೆರೆದುಕೊಳ್ಳಬೇಕು. ಪ್ಯಾಕಿಂಗ್ ಎನ್ನುವುದು ಖರ್ಚು, ಸರಕು ಎನ್ನುವುದು ಆಸ್ತಿ. ಇಲ್ಲಿ ಖರ್ಚೇ ಆಸ್ತಿಯಾಗಿ ಕುಳಿತಿದೆ.

ಈ ವಿಷಯ ನನ್ನ ಕಿವಿಗೆ ಬಿದ್ದದ್ದು ನಮ್ಮ ಮಾಮುವಿನಿಂದ. ಬ್ಯಾಡರಹಳ್ಳಿಯಲ್ಲಿ ಅವರದ್ದೊಂದು ಗುಜರಿ ಅಂಗಡಿ ಇದೆ. ಅಲ್ಲಿ ರಟ್ಟಿಗೆ ಒಂದು ರೇಟು, ಗಟ್ಟಿ ಪ್ಲಾಸ್ಟಿಕ್ಕಿಗೆ ಒಂದು ರೇಟು, ಎಲ್ಲವೂ ಕೆಜಿ ಲೆಕ್ಕ. ಅಂಥವರ ಮನೆಯ ಬೀರುವಿನಲ್ಲಿ, ಬಟ್ಟೆಗಳ ಅಡಿಯಲ್ಲಿ, ತೂಕಕ್ಕೆ ಹಾಕಿದರೆ ನೂರು ಗ್ರಾಮೂ ಬಾರದ ಒಂದು ವಸ್ತು ಇತ್ತು. ಅಂಗೈಯುದ್ದದ ಒಬ್ಬ ಸೈನಿಕ, ರಟ್ಟಿನ ಹಾಳೆಗೆ ಅಂಟಿಸಿದ ಪಾರದರ್ಶಕ ಪ್ಲಾಸ್ಟಿಕ್ ಗುಳ್ಳೆಯೊಳಗೆ, ಇನ್ನೂ ಬಿಚ್ಚದೆ. ರಟ್ಟಿನ ಮೇಲೆ ಆ ಸೈನಿಕನದೇ ಬಣ್ಣದ ಚಿತ್ರ, ಹಿಂದೆ ಸ್ಫೋಟದ ಹಳದಿ ಕೆಂಪು. ಕಂಪನಿ ಫನ್‌ಸ್ಕೂಲ್, ಸರಣಿಯ ಹೆಸರು ಜಿ.ಐ. ಜೋ. ಮಾಮು ಚಿಕ್ಕವರಿದ್ದಾಗ, ಆಟೋ ಓಡಿಸುತ್ತಿದ್ದ ನಾನಾ ಒಂದೊಂದು ಈದಿಗೆ ಒಂದೊಂದರಂತೆ ನಾಲ್ಕು ಕೊಡಿಸಿದ್ದರಂತೆ. ಮೂರನ್ನು ಮಾಮು ಬಿಚ್ಚಿ ಮಣ್ಣಿನಲ್ಲಿ ಆಡಿದರು. ನಾಲ್ಕನೆಯದನ್ನು ಬಿಚ್ಚಲಿಲ್ಲ. ಕಾರಣ ಕೇಳಿದರೆ, "ಬಿಚ್ಚಿದ್ರೆ ಚಿತ್ರ ಹರಿದುಹೋಗ್ತಿತ್ತಲ್ಲೋ" ಎನ್ನುತ್ತಾರೆ.

ಈ ವರ್ಷ ಅಂಗಡಿ ಮಾಲೀಕರು ಅಡ್ವಾನ್ಸ್ ಹೆಚ್ಚಿಸಿದಾಗ ಆ ನಾಲ್ಕನೆಯದು ಬೀರುವಿನಿಂದ ಹೊರಗೆ ಬಂತು. ಅದಕ್ಕೆ ನಿಜವಾಗಿಯೂ ಬೆಲೆ ಇದೆಯೇ, ಇದ್ದರೆ ಯಾಕೆ ಎಂದು ತಿಳಿದು ಹೇಳುವ ಕೆಲಸ ಮನೆಯಲ್ಲಿ ಕಾಮರ್ಸ್ ಓದುತ್ತಿರುವ ಒಬ್ಬನೇ ಹುಡುಗನಾದ ನನ್ನ ಪಾಲಿಗೆ ಬಂತು. ಹಾಗೆ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರುಗಳ ವಿಚಾರ. ಹುಡುಗರು ಗೊಂಬೆ ಆಡುವುದಿಲ್ಲ ಎನ್ನುವ ಮಾತು ಅಮೆರಿಕದಲ್ಲೂ ಇತ್ತು. 1959ರಲ್ಲಿ ಬಾರ್ಬಿ ಬಂದು ಹುಡುಗಿಯರ ನಡುವೆ ಗೆದ್ದ ಮೇಲೆ, ಹುಡುಗರಿಗೂ ಬಟ್ಟೆ ಬದಲಿಸುವ, ಕೈಕಾಲು ಮಡಚುವ ಗೊಂಬೆಯನ್ನು ಮಾರಬೇಕೆಂದು ಹ್ಯಾಸ್ಬ್ರೋ ಕಂಪನಿ 1964ರಲ್ಲಿ ಜಿ.ಐ. ಜೋ ತಂದಿತು. ಸುಮಾರು 12 ಅಂಗುಲದ ಸೈನಿಕ. ಅದನ್ನು ಗೊಂಬೆ ಎಂದು ಕರೆಯಬಾರದು ಎಂಬುದು ಕಂಪನಿಯ ಹಟ. ಹಾಗೆ ಹುಟ್ಟಿದ ಹೆಸರೇ ಆಕ್ಷನ್ ಫಿಗರ್. ಅದು ಗೊಂಬೆಯೇ. ಹೆಸರು ಬದಲಾಯಿಸಿ ಒಂದು ಹೊಸ ಮಾರುಕಟ್ಟೆಯನ್ನೇ ತೆರೆದರು ಅಷ್ಟೆ. ಬಿಸಿನೆಸ್ ಸ್ಟಡೀಸ್ ಪುಸ್ತಕದಲ್ಲಿ ಬ್ರ್ಯಾಂಡಿಂಗ್ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣಲಿಲ್ಲ.

ಪ್ಲೇಸೆಟ್ ಎಂದರೆ ಈ ಗೊಂಬೆಗಳು ವಾಸಿಸುವ ಜಾಗ: ಕೋಟೆ, ಹಡಗು, ಬಾಹ್ಯಾಕಾಶ ನಿಲ್ದಾಣ, ಗುಹೆ. ಇದು ಹೊಸದು ಎಂದುಕೊಳ್ಳಬೇಡಿ. ನಮ್ಮ ಬೀದಿಯಲ್ಲಿ ದಸರಾ ಬಂದರೆ ಎದುರು ಮನೆಯ ಆಂಟಿ ಬೊಂಬೆ ಕೂರಿಸುತ್ತಾರೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಮರದ ರಾಜ ರಾಣಿ. ಕೆಳಗೆ ಬರುತ್ತಾ ಬರುತ್ತಾ ಮದುವೆ ಮನೆ, ತರಕಾರಿ ಅಂಗಡಿ, ರಾಗಿ ಚೆಲ್ಲಿ ಮೊಳಕೆ ಬರಿಸಿದ ಪಾರ್ಕು, ಪಾರ್ಕಿನಲ್ಲಿ ಪ್ಲಾಸ್ಟಿಕ್ ಕಾರು, ಒಂದು ಮೂಲೆಯಲ್ಲಿ ಕ್ರಿಕೆಟ್ ಟೀಮು. ಚಿಕ್ಕವನಿದ್ದಾಗ ಚರ್ಪು ತಿನ್ನಲು ಹೋಗಿ ನಾನು ಹೆಚ್ಚು ಹೊತ್ತು ನೋಡುತ್ತಿದ್ದದ್ದು ಆ ಪಾರ್ಕನ್ನು. ದೊಡ್ಡ ಲೋಕವನ್ನು ಮೊಣಕಾಲೆತ್ತರಕ್ಕೆ ಇಳಿಸಿ, ಅದರ ಮೇಲೆ ನಾವು ಬಗ್ಗಿ ನಿಂತು ನೋಡುವ ಸುಖ ಎಲ್ಲ ಕಡೆಯೂ ಒಂದೇ. ಕಂಪನಿಗಳು ಮಾಡಿದ್ದು ಆ ಸುಖವನ್ನು ಅಚ್ಚು ಹಾಕಿ ಡಬ್ಬದಲ್ಲಿ ತುಂಬಿದ್ದು.

ತುಂಬಲು ಸಾಧ್ಯವಾದದ್ದು ಗೊಂಬೆ ಚಿಕ್ಕದಾದ ಮೇಲೆ. 12 ಅಂಗುಲದ ಸೈನಿಕನಿಗೆ ತಕ್ಕ ಹಡಗು ಮಾಡಿದರೆ ಮನೆಯೇ ಸಾಲದು. 1977ರಲ್ಲಿ ಸ್ಟಾರ್ ವಾರ್ಸ್ ಸಿನಿಮಾ ಬಂದಾಗ ಕೆನ್ನರ್ ಎಂಬ ಕಂಪನಿ ಅದರ ಗೊಂಬೆಗಳನ್ನು ಮೂರುಮುಕ್ಕಾಲು ಅಂಗುಲಕ್ಕೆ ಇಳಿಸಿತು. ಆದರೆ ಸಿನಿಮಾ ಅಷ್ಟು ಓಡುತ್ತದೆಂದು ಯಾರಿಗೆ ಗೊತ್ತಿತ್ತು? ಆ ವರ್ಷದ ಕ್ರಿಸ್‌ಮಸ್‌ಗೆ ಗೊಂಬೆಗಳು ತಯಾರಾಗಲೇ ಇಲ್ಲ. ಕಂಪನಿ ಏನು ಮಾಡಿತು ಗೊತ್ತೇ? ಗೊಂಬೆಯೇ ಇಲ್ಲದ ಪ್ಯಾಕೆಟ್ಟನ್ನು ಮಾರಿತು. ಒಳಗಿದ್ದದ್ದು ಗೊಂಬೆಗಳನ್ನು ಮುಂದೆ ನಿಲ್ಲಿಸಲು ಚಿತ್ರವಿರುವ ಒಂದು ರಟ್ಟಿನ ಸ್ಟ್ಯಾಂಡು, ಕೆಲವು ಸ್ಟಿಕರು, ಒಂದು ಪ್ರಮಾಣಪತ್ರ. ಪ್ರಮಾಣಪತ್ರವನ್ನು ಅಂಚೆಗೆ ಹಾಕಿದರೆ 1978ರಲ್ಲಿ ನಾಲ್ಕು ಗೊಂಬೆಗಳು ಮನೆಗೆ ಬರುತ್ತಿದ್ದವು. ಮಕ್ಕಳು ತಿಂಗಳುಗಟ್ಟಲೆ ಖಾಲಿ ಸ್ಟ್ಯಾಂಡನ್ನು ನೋಡುತ್ತಾ ಕಾದರು. ಚಿತ್ರ ಮುಂದೆ, ವಸ್ತು ಹಿಂದೆ. ಇದನ್ನು ಓದಿದಾಗಲೇ ನನಗೆ ಮಾಮುವಿನ ಬೀರು ಸ್ವಲ್ಪ ಅರ್ಥವಾಗಿದ್ದು.

ಈಗ ಡಬ್ಬದ ಚಿತ್ರಕ್ಕೆ ಬರೋಣ. ಇದರಲ್ಲಿ ರಾಜನೆಂದರೆ 1982ರ ಮಾಸ್ಟರ್ಸ್ ಆಫ್ ದಿ ಯೂನಿವರ್ಸ್, ಅಂದರೆ ಹೀ-ಮ್ಯಾನ್. ನಮ್ಮ ವಯಸ್ಸಿನವರಿಗೆ ಆ ಹೆಸರು ಗೊತ್ತಿಲ್ಲದಿರಬಹುದು. ಆದರೆ ನಮ್ಮ ಉಪನ್ಯಾಸಕರಲ್ಲಿ ನಲವತ್ತು ದಾಟಿದವರನ್ನು ಕೇಳಿ ನೋಡಿ. ದೂರದರ್ಶನದಲ್ಲಿ ಹೀ-ಮ್ಯಾನ್ ಬರುವ ಹೊತ್ತಿಗೆ ಟಿವಿ ಇರುವ ಮನೆಯ ಮುಂದೆ ಚಪ್ಪಲಿಗಳ ಗುಡ್ಡೆಯಾಗುತ್ತಿತ್ತಂತೆ. ಮ್ಯಾಟೆಲ್ ಕಂಪನಿಯ ಆ ಗೊಂಬೆಗಳು ನಮ್ಮ ದೇಶದಲ್ಲಿ ಲಿಯೋ ಎಂಬ ಹೆಸರಿನಲ್ಲಿ ಸಿಗುತ್ತಿದ್ದವು. ಆ ಸರಣಿಯ ಮೊದಲ ವರ್ಷದ ಡಬ್ಬಗಳಿಗೆ ಚಿತ್ರ ಬರೆದವರು ರೂಡಿ ಒಬ್ರೆರೋ ಎಂಬ ಕಲಾವಿದ. ತಲೆಬುರುಡೆಯ ಆಕಾರದ ಗ್ರೇಸ್ಕಲ್ ಕೋಟೆ, ಬ್ಯಾಟಲ್ ಕ್ಯಾಟ್ ಎಂಬ ಹಸಿರು ಹುಲಿ, ಇವೆಲ್ಲ ಅವರ ಕುಂಚದವು.

ಆ ಹುಲಿಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಇದನ್ನು ಕೇಳಿ ಖುಷಿಪಟ್ಟವರು ನಮ್ಮ ಅಬ್ಬಾ. ಅವರು ಕಾಮಾಕ್ಷಿಪಾಳ್ಯದ ಕಡೆ ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಶೆಡ್ಡಿನಲ್ಲಿ ಮೆಷಿನ್ ಆಪರೇಟರ್. ಬಾಟಲಿ ಮುಚ್ಚಳ, ಸ್ವಿಚ್ಚಿನ ಡಬ್ಬಿ, ಹ್ಯಾಂಡಲ್ಲು, ಆರ್ಡರ್ ಏನು ಬಂದರೆ ಅದು. ಕೆಲಸ ಹೀಗೆ: ಪ್ಲಾಸ್ಟಿಕ್ ಕಾಳನ್ನು ಕಾಯಿಸಿ ಕರಗಿಸಿ, ಎರಡು ಹೋಳಿನ ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ತುಂಬುವುದು. ತಣ್ಣಗಾದ ಮೇಲೆ ಅಚ್ಚು ತೆರೆದು ಪಿನ್ನುಗಳು ತುಂಡನ್ನು ಹೊರಗೆ ತಳ್ಳುತ್ತವೆ. ಪ್ಲಾಸ್ಟಿಕ್ ಅಗ್ಗ, ಅಚ್ಚು ದುಬಾರಿ. ಉಕ್ಕಿನ ಅಚ್ಚು ಕೊರೆಸಲು ಹಾಕಿದ ಹಣ ಲಕ್ಷಾಂತರ ತುಂಡು ತೆಗೆದರೆ ಮಾತ್ರ ಗಿಟ್ಟುತ್ತದೆ. ಆದ್ದರಿಂದ ಒಮ್ಮೆ ಮಾಡಿಸಿದ ಅಚ್ಚನ್ನು ಯಾರೂ ಸುಮ್ಮನೆ ಎಸೆಯುವುದಿಲ್ಲ.

ಮ್ಯಾಟೆಲ್ಲಿನವರೂ ಎಸೆಯಲಿಲ್ಲ. ಅವರ ಬಳಿ 1970ರ ದಶಕದ ಬಿಗ್ ಜಿಮ್ ಎಂಬ ಸರಣಿಯ ಹುಲಿಯ ಅಚ್ಚು ಇತ್ತು. ಬಿಗ್ ಜಿಮ್ ಗೊಂಬೆ ದೊಡ್ಡದು, ಅದಕ್ಕೆ ತಕ್ಕಂತೆ ಹುಲಿಯೂ ದೊಡ್ಡದು. ಹೀ-ಮ್ಯಾನ್ ಸುಮಾರು ಐದೂವರೆ ಅಂಗುಲ. ಅವನ ಪಕ್ಕದಲ್ಲಿ ಆ ಹುಲಿ ಕುದುರೆಯಷ್ಟಾಯಿತು. ಹಾಗಿದ್ದರೆ ಕುದುರೆಯೇ ಆಗಲಿ ಎಂದು ಅದಕ್ಕೊಂದು ಜೀನು, ಒಂದು ಮುಖವಾಡ ಹಾಕಿ, ಹಸಿರು ಬಣ್ಣ ಕೊಟ್ಟು ನಾಯಕನ ವಾಹನ ಮಾಡಿದರು. ಮುಂದೆ ಅದೇ ಅಚ್ಚಿನಿಂದ ನೇರಳೆ ಬಣ್ಣದಲ್ಲಿ ಖಳನಾಯಕನ ಚಿರತೆಯೂ ಬಂತು. ಅಬ್ಬಾ ಇದನ್ನು ಕೇಳಿ, "ನಮ್ಮ ಸೇಠ್ ಕೂಡ ಹಿಂಗೇ, ಕೆಂಪು ಮುಚ್ಚಳ ಹೋಗ್ಲಿಲ್ಲ ಅಂದ್ರೆ ನೀಲಿ ಮಾಡು ಅಂತಾರೆ" ಎಂದು ನಕ್ಕರು.

ಆ ಹುಲಿ ಆಟಿಕೆಯ ಕಾಲು ಆಡುವುದಿಲ್ಲ, ತಲೆ ತಿರುಗುವುದಿಲ್ಲ. ಒಂದೇ ಗಟ್ಟಿ ಭಂಗಿ. ಆದರೆ ಡಬ್ಬದ ಮೇಲೆ ಒಬ್ರೆರೋ ಬರೆದ ಹುಲಿ ಜೀವಂತ ಮೃಗ. ಅದರ ಮಾಂಸಖಂಡ ಬಿಗಿದಿದೆ. ಡಬ್ಬದ ಚಿತ್ರದ ಕೆಲಸವೇ ಇದು ಎಂದು ನನಗನಿಸುತ್ತದೆ. ಅಚ್ಚಿನಿಂದ ಬರುವ ವಸ್ತುವಿಗೆ ಚಲನೆ ಇಲ್ಲ, ಹವಾಮಾನ ಇಲ್ಲ, ಶತ್ರು ಇಲ್ಲ. ಇವನ್ನೆಲ್ಲ ಪ್ಲಾಸ್ಟಿಕ್ಕಿನಲ್ಲಿ ಮಾಡಲು ಹೋದರೆ ಎಷ್ಟೋ ಅಚ್ಚು ಬೇಕು. ಒಬ್ಬ ಕಲಾವಿದನಿಗೆ ಒಂದು ಚಿತ್ರದ ಹಣ ಕೊಟ್ಟರೆ ಅದೆಲ್ಲ ರಟ್ಟಿನ ಮೇಲೆ ಬರುತ್ತದೆ, ಪ್ರತಿ ಡಬ್ಬಕ್ಕೂ ಮತ್ತೆ ಅಚ್ಚಾಗುತ್ತದೆ. ಮಗು ಮನೆಗೆ ಹೋಗಿ ಗಟ್ಟಿ ಹುಲಿಯನ್ನು ಕೈಯಲ್ಲಿ ಹಿಡಿದು ಹಾರಿಸುವಾಗ ಕಣ್ಣಿಗೆ ಕಾಣುವುದು ಡಬ್ಬದ ಹುಲಿಯೇ.

ಹಾಗಾದರೆ ಇದು ಮೋಸವಲ್ಲವೇ? ನಮ್ಮ ತರಗತಿಯ ಗೆಳೆಯನೊಬ್ಬ ಕೇಳಿದ ಪ್ರಶ್ನೆ ಇದು. ಅವನ ವಾದಕ್ಕೆ ಬಲವಿದೆ. ಡಬ್ಬದ ಮುಂದೆ ಇಡೀ ಸೈನ್ಯ ಇರುತ್ತದೆ, ಪ್ರತಿಯೊಂದನ್ನೂ ಬೇರೆಯಾಗಿ ಕೊಳ್ಳಬೇಕು ಎಂಬುದು ಸಣ್ಣ ಅಕ್ಷರದಲ್ಲಿ ಮೂಲೆಯಲ್ಲಿರುತ್ತದೆ. ಅದೂ ಸಾಲದೆಂಬಂತೆ 1984ರಲ್ಲಿ ಅಮೆರಿಕ ಸರ್ಕಾರ ಮಕ್ಕಳ ಟಿವಿ ಕಾರ್ಯಕ್ರಮಗಳ ಮೇಲಿನ ಜಾಹೀರಾತು ನಿರ್ಬಂಧಗಳನ್ನು ಸಡಿಲಿಸಿತು. ಆಮೇಲೆ ಅರ್ಧ ಗಂಟೆಯ ಕಾರ್ಟೂನೇ ಆಟಿಕೆಯ ಜಾಹೀರಾತಾಯಿತು. ಮರುವರ್ಷ, 1985ರಲ್ಲಿ, ಹ್ಯಾಸ್ಬ್ರೋ ಏಳೂವರೆ ಅಡಿ ಉದ್ದದ ವಿಮಾನವಾಹಕ ಹಡಗನ್ನೇ ಪ್ಲೇಸೆಟ್ಟಾಗಿ ಮಾರಿತು. ಅದನ್ನು ಇಡಲು ನಮ್ಮ ಮನೆಯ ಹಾಲಿನಲ್ಲಿ ಸೋಫಾ ತೆಗೆಯಬೇಕು. ಮಕ್ಕಳ ಆಸೆಗೆ ಮಿತಿ ಹಾಕುವ ಬದಲು ಅದನ್ನು ಅಳೆದು ಮಾರಿದ ಕಾಲ ಅದು. ಇದನ್ನು ನಾನು ಸಮರ್ಥಿಸುವುದಿಲ್ಲ.

ಆದರೂ ಪೂರ್ತಿ ಒಪ್ಪುವುದೂ ಇಲ್ಲ. ಮೆಜೆಸ್ಟಿಕ್‌ನ ಚಿತ್ರಮಂದಿರಗಳ ಮುಂದೆ ಕೈಯಲ್ಲಿ ಬರೆದ ಕಟೌಟ್‌ಗಳು ನಿಲ್ಲುತ್ತಿದ್ದ ಕಾಲವನ್ನು ಹಿರಿಯರು ಈಗಲೂ ಹೇಳುತ್ತಾರೆ. ನಾಲ್ಕು ಮಾಳಿಗೆ ಎತ್ತರದ ರಾಜ್‌ಕುಮಾರ್ ಅವರನ್ನು ನೋಡಿ ಒಳಗೆ ಹೋದವರು ಪರದೆಯ ಮೇಲೆ ಅಳತೆ ಕಡಿಮೆಯಾಯಿತು ಎಂದು ದೂರಲಿಲ್ಲ. ಕಟೌಟ್ ಸಿನಿಮಾದ ಅಳತೆ ಹೇಳುತ್ತಿರಲಿಲ್ಲ, ಅದು ತರುವ ಉತ್ಸಾಹದ ಅಳತೆ ಹೇಳುತ್ತಿತ್ತು. ಡಬ್ಬದ ಚಿತ್ರವೂ ಅದೇ ಜಾತಿ. ಫ್ಲೆಕ್ಸ್ ಬಂದು ಆ ಪೇಂಟರುಗಳ ಕೈ ಖಾಲಿಯಾದಂತೆ, ಕಂಪ್ಯೂಟರ್ ಚಿತ್ರ ಮತ್ತು ಫೋಟೋ ಬಂದ ಮೇಲೆ ಆಟಿಕೆಯ ಡಬ್ಬಗಳಲ್ಲೂ ಕುಂಚದ ಕೆಲಸ ಕಡಿಮೆಯಾಯಿತು. ಇಂದು ಹೆಚ್ಚಿನ ಡಬ್ಬಗಳಿಗೆ ಪಾರದರ್ಶಕ ಕಿಟಕಿ ಇರುತ್ತದೆ. ಒಳಗಿನದು ಇದ್ದಂತೆ ಕಾಣುತ್ತದೆ. ಪ್ರಾಮಾಣಿಕವೇ ಸರಿ, ಆದರೆ ಅಂಥ ಡಬ್ಬವನ್ನು ಯಾರಾದರೂ ಬಟ್ಟೆಯಡಿ ಮೂವತ್ತು ವರ್ಷ ಇಡುತ್ತಾರೆಯೇ, ಅನುಮಾನ.

ಚಿತ್ರವೇ ಬೇಡದ ಆಟಿಕೆಗಳೂ ಇವೆ, ಅದೂ ಇಲ್ಲಿಂದ 60 ಕಿಲೋಮೀಟರ್ ದೂರದಲ್ಲಿ. ಚನ್ನಪಟ್ಟಣದ ಗೊಂಬೆಗಳನ್ನು ಅಂಗಡಿಯವರು ಮೈಸೂರು ರಸ್ತೆಯ ಬದಿಯಲ್ಲಿ ಬರಿದಾಗಿಯೇ ಜೋಡಿಸಿಡುತ್ತಾರೆ. ಹಾಲೆ ಮರವನ್ನು ಲೇತಿನಲ್ಲಿ ತಿರುಗಿಸಿ, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆ ಹೊಳಪೇ ಅದರ ಜಾಹೀರಾತು. ಈ ಕೆಲಸದಲ್ಲಿರುವ ಕುಟುಂಬಗಳಲ್ಲಿ ಮುಸ್ಲಿಮರು ಬಹಳ. ಜಪಾನಿನ ಅರಗು ಕೆಲಸದ ವಿಧಾನವನ್ನು ಅಲ್ಲಿಗೆ ತಂದವರು ಬಾವಾಸ್ ಮಿಯಾ ಎಂದು ಊರಿನವರು ನೆನೆಯುತ್ತಾರೆ. ಚನ್ನಪಟ್ಟಣದ ಪುಟ್ಟ ಅಡುಗೆ ಪಾತ್ರೆಗಳ ಸೆಟ್ಟೂ ಒಂದು ಪ್ಲೇಸೆಟ್ಟೇ. ಆದರೆ ಅದರಲ್ಲಿ ಕಥೆಯನ್ನು ಮಗುವೇ ಕಟ್ಟಬೇಕು. ಡಬ್ಬ ಕಟ್ಟಿಕೊಡುವುದಿಲ್ಲ.

ಮತ್ತೆ ಮಾಮುವಿನ ಸೈನಿಕನ ಕಡೆಗೆ. ಫನ್‌ಸ್ಕೂಲ್ ಎಂದರೆ ಟೈರು ಮಾಡುವ ಎಂಆರ್‌ಎಫ್ ಮತ್ತು ಹ್ಯಾಸ್ಬ್ರೋ ಸೇರಿ 1980ರ ದಶಕದ ಕೊನೆಯಲ್ಲಿ ಶುರುಮಾಡಿದ ಕಂಪನಿ. ಗೋವಾದಲ್ಲಿ ಕಾರ್ಖಾನೆ. ಆ ಕಾಲದಲ್ಲಿ ಹೊರದೇಶದ ಆಟಿಕೆಗಳನ್ನು ಸುಲಭವಾಗಿ ತರಿಸುವಂತಿರಲಿಲ್ಲ. ಆದ್ದರಿಂದ ಆಟಿಕೆ ಬರುವ ಬದಲು ಅಚ್ಚು ಬಂತು. ಬ್ರೆಜಿಲ್‌ನ ಎಸ್ಟ್ರೆಲಾ ಎಂಬ ಕಂಪನಿಯೂ ಹೀಗೇ ಜಿ.ಐ. ಜೋ ಗೊಂಬೆಗಳನ್ನು ಅಲ್ಲಿಯೇ ತಯಾರಿಸಿತು. ಅಮೆರಿಕದಲ್ಲಿ ನಿಂತುಹೋದ ಗೊಂಬೆಗಳು ನಮ್ಮಲ್ಲಿ ವರ್ಷಗಟ್ಟಲೆ ಬರುತ್ತಲೇ ಇದ್ದವು, ಎಷ್ಟೋ ಸಲ ಬೇರೆ ಬಣ್ಣದಲ್ಲಿ. ಆ ಬೇರೆ ಬಣ್ಣಗಳಿಗಾಗಿಯೇ ಇಂದು ಅಮೆರಿಕದ ಸಂಗ್ರಾಹಕರು ಭಾರತದ ಗೊಂಬೆಗಳನ್ನು ಹುಡುಕುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ಗೊಂಬೆಯ ಬೆನ್ನ ಮೇಲೆ ಇಸವಿ ಕೊರೆದಿರುತ್ತದೆ. ಅದು ತಯಾರಾದ ವರ್ಷವಲ್ಲ, ಆ ವಿನ್ಯಾಸದ ಹಕ್ಕಿನ ವರ್ಷ. ಅಚ್ಚಿನಲ್ಲಿ ಕೊರೆದದ್ದು ಅಚ್ಚಿನೊಡನೆ ಊರೂರು ಸುತ್ತುತ್ತದೆ. 1985 ಎಂದಿರುವ ಗೊಂಬೆ ಹತ್ತು ವರ್ಷ ತಡವಾಗಿ ಗೋವಾದಲ್ಲಿ ಹುಟ್ಟಿರಬಹುದು. ವಯಸ್ಸು ತಿಳಿಯಲು ರಟ್ಟನ್ನೇ ನೋಡಬೇಕು: ಬೆಲೆ, ವಿಳಾಸ, ಮುದ್ರಣದ ರೀತಿ. ಬಿಚ್ಚಿದ ಗೊಂಬೆಗೆ ಜನನ ಪ್ರಮಾಣಪತ್ರ ಇಲ್ಲ. ಡಬ್ಬಕ್ಕೆ ಬೆಲೆ ಬರಲು ಚಿತ್ರದ ಚಂದ ಒಂದು ಕಾರಣವಾದರೆ ಇದು ಇನ್ನೊಂದು. ಮೂರನೆಯದು ಬರೀ ಪೂರೈಕೆಯ ಲೆಕ್ಕ. ಪ್ಲಾಸ್ಟಿಕ್ ಉಳಿಯುತ್ತದೆ, ರಟ್ಟು ಉಳಿಯುವುದಿಲ್ಲ. ಮಕ್ಕಳು ಮೊದಲು ಹರಿಯುವುದು ಅದನ್ನೇ, ಅಮ್ಮಂದಿರು ಮೊದಲು ಗುಜರಿಗೆ ಹಾಕುವುದೂ ಅದನ್ನೇ. ಕೆನ್ನರ್ ಮಾಡಿದ ಡೆತ್ ಸ್ಟಾರ್ ಪ್ಲೇಸೆಟ್ ಪ್ಲಾಸ್ಟಿಕ್ಕಿನದು. ಇಂಗ್ಲೆಂಡಿನ ಪಾಲಿಟಾಯ್ ಕಂಪನಿ ಅದನ್ನೇ ಅಗ್ಗವಾಗಲೆಂದು ರಟ್ಟಿನಲ್ಲಿ ಮಾಡಿತು. ಬಡವರ ಮನೆಯ ಆ ರಟ್ಟಿನ ಗೋಳಕ್ಕೆ ಇಂದು ಸಂಗ್ರಾಹಕರು ಮುಗಿಬೀಳುತ್ತಾರೆ.

ಇಷ್ಟನ್ನು ನಾನು ಮನೆಯಲ್ಲಿ ವಿವರಿಸಿದಾಗ ಮಾಮು ಎರಡು ದಿನ ಮಾತಾಡಲಿಲ್ಲ. ಕೊಳ್ಳುವವರು ಒಬ್ಬರು ಸಿಕ್ಕಿದ್ದರು, ಹೇಳಿದ ಮೊತ್ತ ಅಡ್ವಾನ್ಸ್‌ಗೆ ಪೂರ್ತಿ ಸಾಲದಿದ್ದರೂ ದೊಡ್ಡ ಆಸರೆ. ಅಬ್ಬಾ, "ನಿಮ್ಮ ವಸ್ತು, ನಿಮ್ಮ ಇಷ್ಟ" ಎಂದು ಸುಮ್ಮನಾದರು. ಅಮ್ಮಿ ಮಾತ್ರ, "ಅಂಗಡಿ ಇದ್ರೆ ನಾಲ್ಕು ಜನ ಊಟ ಮಾಡ್ತಾರೆ, ನಮ್ಮ ಅಬ್ಬಾ ಇದ್ದಿದ್ರೆ ಏನು ಹೇಳ್ತಿದ್ರು ಅಂತ ನಿಂಗೊತ್ತು" ಎಂದರು. ಮೂರನೆಯ ದಿನ ಮಾಮು ಅದನ್ನು ತೆಗೆದುಕೊಂಡು ಮಾಗಡಿ ರಸ್ತೆಯ ಜೆರಾಕ್ಸ್ ಅಂಗಡಿಗೆ ಹೋದರು. ಹಿಂಭಾಗದ ಒಂದು ಕಲರ್ ಜೆರಾಕ್ಸ್. ಮುಂಭಾಗವನ್ನು ಗುಳ್ಳೆ ಅಡ್ಡ ಬಂದು ಯಂತ್ರದ ಮೇಲೆ ಇಡಲಾಗದೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿಸಿದರು. ಸೈನಿಕ ಹೋದ. ಚಿತ್ರ ಈಗ ಅಂಗಡಿಯ ತಕ್ಕಡಿಯ ಮೇಲಿನ ಗೋಡೆಯಲ್ಲಿದೆ. ಬಿಚ್ಚಿ ಆಡಿದ ಮೂರು ಸೈನಿಕರೂ ಇನ್ನೂ ಮನೆಯಲ್ಲಿದ್ದಾರೆ. ಅವರಲ್ಲಿ ಒಬ್ಬನ ಸೊಂಟ ಕಳಚಿ ಎರಡು ತುಂಡಾಗಿತ್ತು. ಈ ಗೊಂಬೆಗಳ ಎದೆ ಮತ್ತು ಕಾಲನ್ನು ಹಿಡಿದಿಡುವುದು ಒಳಗಿನ ಒಂದು ರಬ್ಬರ್ ಉಂಗುರ, ವಯಸ್ಸಾದರೆ ಅದು ತುಂಡಾಗುತ್ತದೆ. ಅಬ್ಬಾ ಹಾರ್ಡ್‌ವೇರ್ ಅಂಗಡಿಯಿಂದ ಅದೇ ಅಳತೆಯ ಓ-ರಿಂಗ್ ತಂದು ಬೆನ್ನ ಸ್ಕ್ರೂ ಬಿಚ್ಚಿ ಹಾಕಿದರು. ಈಗ ಅವನು ಮತ್ತೆ ಬಗ್ಗುತ್ತಾನೆ.

ಇದರ ಮುಂದಿನ ಅಧ್ಯಾಯ ನಮ್ಮ ರಾಜ್ಯದಲ್ಲೇ ನಡೆಯುತ್ತಿದೆ. 2020ರಲ್ಲಿ ಕೇಂದ್ರ ಸರ್ಕಾರ ಆಮದು ಆಟಿಕೆಗಳ ಸುಂಕವನ್ನು ಶೇಕಡಾ 20ರಿಂದ 60ಕ್ಕೆ ಏರಿಸಿತು, 2021ರಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಯಿತು. ಅದೇ ವರ್ಷ ಜನವರಿಯಲ್ಲಿ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ ಶಂಕುಸ್ಥಾಪನೆಯಾಯಿತು. ಅದೇ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಹಗುರ ಮರದ ಗೊಂಬೆಗಳಿಗೆ ಬಣ್ಣ ಹಾಕುತ್ತಾ ಬಂದಿವೆ. ಅಚ್ಚೂ ಕುಂಚವೂ ಒಂದೇ ಜಿಲ್ಲೆಯಲ್ಲಿವೆ. ಕೊಪ್ಪಳದಿಂದ ಹೊರಡುವ ಡಬ್ಬಗಳ ಮೇಲೆ ಕಿನ್ನಾಳದವರು ಚಿತ್ರ ಬರೆದರೆ ಹೇಗಿರುತ್ತದೆ ಎಂದು ನಾನು ಆಗಾಗ ಯೋಚಿಸುತ್ತೇನೆ. ನಮ್ಮ ಕಾಲೇಜಿನಲ್ಲಿ ಡ್ರಾಯಿಂಗ್ ಚೆನ್ನಾಗಿ ಮಾಡುವವರು ಪಿಯುಸಿ ಮುಗಿದ ಮೇಲೆ ಏನು ಎಂದು ಚಿಂತಿಸುತ್ತಿದ್ದರೆ, ಪ್ಯಾಕೇಜಿಂಗ್ ಡಿಸೈನ್ ಎಂಬ ಕೋರ್ಸು ಇದೆ ಎಂಬುದು ಅವರ ಕಿವಿಗೆ ಬೀಳಲಿ.

ಕೊನೆಗೆ, ಮನೆಯ ಅಟ್ಟದಲ್ಲಿ ಹಳೆಯ ಆಟಿಕೆ ಇರುವವರಿಗೆ ಕೆಲವು ಮಾತು. ಡಬ್ಬವನ್ನು ಬಿಸಿಲಿಗೆ ಇಡಬೇಡಿ, ಬಿಸಿಲಿಗೆ ಮೊದಲು ಮಾಸುವುದು ಕೆಂಪು, ಬಿಳಿ ಪ್ಲಾಸ್ಟಿಕ್ಕೂ ಹಳದಿಯಾಗುತ್ತದೆ. ನೆಲಕ್ಕೆ ತಾಗಿಸಿ ಇಡಬೇಡಿ, ಗೆದ್ದಲು ಮತ್ತು ಮಳೆಗಾಲದ ತೇವ ಎರಡೂ ಕೆಳಗಿನಿಂದಲೇ ಬರುತ್ತವೆ. ಹರಿದ ಕಡೆ ಸೆಲ್ಲೋಟೇಪ್ ಹಾಕಬೇಡಿ, ಅದರ ಅಂಟು ಹಳದಿಯಾಗಿ ಚಿತ್ರದೊಳಗೆ ಇಳಿಯುತ್ತದೆ. ಬೆಲೆ ಕಟ್ಟುವವರು ಬಂದರೆ ಮೊದಲ ಮಾತಿಗೇ ಒಪ್ಪದೆ ಒಂದೆರಡು ಕಡೆ ವಿಚಾರಿಸಿ. ಫನ್‌ಸ್ಕೂಲ್ ಅಥವಾ ಲಿಯೋ ಹೆಸರಿನ ರಟ್ಟು, ಒಂದು ಮೂಲೆ ಹರಿದದ್ದಾದರೂ ಸರಿ, ನಿಮ್ಮಲ್ಲಿದ್ದರೆ ನನಗೆ ತೋರಿಸಿ. ದ್ವಿತೀಯ ಪಿಯುಸಿ ಕಾಮರ್ಸ್ ತರಗತಿಯಲ್ಲಿ, ಕಿಟಕಿ ಪಕ್ಕದ ಮೂರನೇ ಬೆಂಚಿನಲ್ಲಿ ಸಿಗುತ್ತೇನೆ.